ಮೂವತ್ತೊಂದನೇ ತಾರೀಖಿನ ಊಟ

ಜಗಳ ಬಿಡಿಸಲು ಸಂಬಳ ತೆಗೆದುಕೊಳ್ಳುವವರಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಕೆಲವಕ್ಕೆ ಯಾಕೆ ನಕ್ಕೆನೋ ಎಂದು ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಕೊಪ್ಪಳದ ಕುಟುಂಬ ಸಲಹಾ ಕೇಂದ್ರವೊಂದರಲ್ಲಿ ನಾನು ಆಪ್ತಸಮಾಲೋಚಕಿ. ತಳಕಲ್ ಕಡೆಯ ಒಂದೇ ಮನೆಯವರು ನನ್ನನ್ನು ಮೂರು ಸಲ ನಗಿಸಿದರು.

೧. ದಂಡು

ಜಗಳ ಮನೆಯಂಗಳದ ಪಾಲಿನದು. ಬರಬೇಕಾದವರು ಐವರು: ಅಣ್ಣ, ತಮ್ಮ, ಅವರ ಹೆಂಡಂದಿರು, ತಾಯಿ. ಬಂದದ್ದು ಊರ ಹಿರಿಯರೂ ಸೇರಿ ಟಂಟಂ ಗಾಡಿ ತುಂಬ ಜನ.

"ಮನಿಯವ್ರಷ್ಟ ಒಳಗ ಬರ್ರಿ" ಎಂದೆ.

ಅಣ್ಣ ಗಾಬರಿಯಾಗಿ ತಮ್ಮನ ಕಡೆ ಕೈ ತೋರಿದ. "ಹಿರೇರು ಇಲ್ಲದ ಮಾತಾಡಿದ್ರ ಇಂವ ನಾಳಿ ಇಲ್ಲಂತಾನ್ರಿ ಮೇಡಂ."

ಹೇಗೋ ಒಪ್ಪಿಸಿ ಹಿರಿಯರನ್ನು ಹೊರಗೆ ಬೇವಿನ ನೆರಳಲ್ಲಿ ಕೂರಿಸಿದೆ. ಅರ್ಧ ತಾಸಿಗೆ ಅವರಲ್ಲೊಬ್ಬರು ಬಾಗಿಲು ತಳ್ಳಿಕೊಂಡು ಬಂದರು. "ಹೊರಗ ಬರ್ರಿ ಮೇಡಂ, ನಾವು ಬಗಿಹರಿಸೀವಿ. ಅಂಗಳದಾಗ ಗ್ವಾಡಿ ಹಾಕಾಕ ಹೇಳ್ರಿ!"

೨. ಪೆನ್ನು

ನಮ್ಮಲ್ಲೊಂದು ಪದ್ಧತಿ. ಪೆನ್ನು ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು, ಉಳಿದವರು ಕೇಳಬೇಕು. ಹಿರಿಸೊಸೆಗೆ ಕೊಟ್ಟೆ. ನಲವತ್ತು ನಿಮಿಷ ಮಾತಾಡಿ, ನೀರು ಕುಡಿಯಲು ಎದ್ದಾಗ ಪೆನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದಳು. ಮುಂದಿನ ವಾರ ಕಿರಿಸೊಸೆ ತನ್ನದೇ ಪೆನ್ನು ತಂದಳು.

ತಾಯಿ ಗೋಡೆಗೆ ಒರಗಿ ಎಲ್ಲರ ಬಾಯಿ ನೋಡುತ್ತಿದ್ದಳು. "ಅವ್ವಗೂ ಸ್ವಲ್ಪ ಕೊಡ್ರಿ" ಎಂದೆ.

ತಮ್ಮ ನಕ್ಕ. "ಆಕಿಗ್ಯಾಕ್ರಿ ಪೆನ್ನು? ಬರಿಯಾಕ ಬರಂಗಿಲ್ಲ."

೩. ಪಾಳಿ

ಮೂರನೇ ಸಲ ಬಂದಾಗ, ಅವ್ವ ಉಣ್ಣುವುದು ಎಲ್ಲಿ ಎಂದು ಕೇಳಿದೆ.

ಅಣ್ಣ ಎದೆಯುಬ್ಬಿಸಿದ. "ಒಂದರಿಂದ ಹದಿನೈದು ನಮ್ಮನ್ಯಾಗ, ಹದಿನಾರರಿಂದ ಮೂವತ್ತು ತಮ್ಮನ ಮನ್ಯಾಗ. ಹಿರೇರು ಹಾಕಿಕೊಟ್ಟ ಪಾಳಿ. ಒಂದಿನಾ ತಪ್ಪಿಲ್ರಿ."

"ಮೂವತ್ತೊಂದಕ್ಕ?"

"ಅವತ್ತು ಹುಲಿಗ್ಯಾಗಿನ ಹುಲಿಗೆಮ್ಮನ ಗುಡಿಗೆ ಹೋಗ್ತಾಳ್ರಿ. ಭಾಳ ಭಕ್ತಿ."

ತಮ್ಮನೂ ತಲೆಯಾಡಿಸಿದ. ಮೂರು ವಾರದಲ್ಲಿ ಅವರಿಬ್ಬರೂ ಒಪ್ಪಿದ ಒಂದೇ ಮಾತು ಅದು.

ನಾನು ಎದ್ದು ಹೋಗಿ ಪೆನ್ನನ್ನು ತಾಯಿಯ ಕೈಗಿಟ್ಟೆ. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಮೂವತ್ತೊಂದು ಯಾರ ಪಾಳಿಗೂ ಬರಂಗಿಲ್ಲ ತಂಗಿ. ಹುಲಿಗ್ಯಾಗ ದಾಸೋಹ ಐತಿ, ಅಲ್ಲಿ ಉಂಡು ಬರ್ತೀನಿ."

ಆ ಇಬ್ಬರಿಗೂ ಕಪಾಳಕ್ಕೆ ಬಾರಿಸಬೇಕೆನಿಸಿತು. ನಮ್ಮ ಕೆಲಸದಲ್ಲಿ ಹಾಗೆ ಮಾಡುವಂತಿಲ್ಲ. ಸೊಸೆಯರು ನೆಲ ನೋಡಿದರು. ಅಣ್ಣನ ಮುಖ ಕಪ್ಪಿಟ್ಟಿತು.

"ಇನ್ನ ಮ್ಯಾಲ ಮೂವತ್ತೊಂದು ನಂದು" ಎಂದ.

"ನೀ ಯಾಂವಲೇ? ಮೂವತ್ತರ ಮರುದಿನ ಅಂದ್ರ ನಂದು" ಎಂದು ತಮ್ಮ ಎದ್ದು ನಿಂತ.

ಅಣ್ಣನೂ ಎದ್ದ, ಕುರ್ಚಿ ಬಿತ್ತು, ಹೊರಗಿದ್ದ ಹಿರಿಯರು ಕಿಟಕಿಗೆ ಬಂದರು.

ತಾಯಿ ಪೆನ್ನು ಮೇಲೆತ್ತಿದಳು. "ಸುಮ್ಮ ಕೂಡ್ರಿ. ಪೆನ್ನು ನನ್ನ ಕೈಯಾಗ ಐತಿ."

ಇಬ್ಬರೂ ಕೂತರು.

"ಮೂವತ್ತೊಂದಕ್ಕ ನೀವೂ ನನ್ನ ಜೋಡಿ ಹುಲಿಗಿಗೆ ಬರ್ರಿ. ಅಲ್ಲಿ ಬಡಿಸೋರು, ಇವತ್ತು ಯಾರ ಪಾಳಿ ಅಂತ ಕೇಳಂಗಿಲ್ಲ."