ಕುಗ್ಗಿಸುವ, ಹಿಗ್ಗಿಸುವ, ಅಳಿಸುವ ಸಾಫ್ಟ್‌ವೇರುಗಳು

ಯಾವ ಸಾಫ್ಟ್‌ವೇರ್ ಛಲೋ ಎಂದು ಯಾರಾದರೂ ಕೇಳಿದರೆ ನಾನು ಸಾಫ್ಟ್‌ವೇರಿನಿಂದ ಶುರುಮಾಡಿ ಯಾರೋ ಒಬ್ಬರ ಕಥೆ ಹೇಳಿ ಮುಗಿಸುತ್ತೇನೆ. ತೊಂಬತ್ತರ ದಶಕದ ಕೊನೆಗೆ ಕಲಬುರಗಿಯ ಶಹಾಬಜಾರದಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್ ಅಂಗಡಿ ತೆರೆದವಳು ನಾನು. ಕಂಪ್ಯೂಟರು ಒಂದು ಹೇಳುವುದು, ನಾನು ಇನ್ನೊಂದು ತಿಳಿಯುವುದು, ಎದುರಿಗೆ ಕೂತವರು ಮತ್ತೊಂದು ಹಿಡಿಯುವುದು ವಾರಕ್ಕೊಮ್ಮೆಯಾದರೂ ನಡೆಯುತ್ತಿತ್ತು.

೧. ಕುಗ್ಗಿಸಿದ್ದು

ಫೈಲುಗಳನ್ನು ಕುಗ್ಗಿಸುವ ಸಾಫ್ಟ್‌ವೇರಿನ ಮೇಲೆ ನನಗೆ ಮೊದಲಿಂದಲೂ ಗೌರವ. ಹಾಸಿಗೆ ಸುತ್ತಿದ ಹಾಗೆ ಸುತ್ತಿಡುತ್ತದೆ. ಬಿಚ್ಚಿದರೆ ಒಂದು ಚುಕ್ಕೆಯೂ ಕಳೆದಿರುವುದಿಲ್ಲ.

ಜೇವರ್ಗಿ ಕಾಲೋನಿಯ ಒಬ್ಬ ಲೆಕ್ಚರರು ತಮ್ಮ ಪಿಎಚ್‌ಡಿ ಪ್ರಬಂಧವನ್ನು ನನ್ನಲ್ಲಿ ಟೈಪ್ ಮಾಡಿಸಿದರು. ನಕಾಶೆ, ಫೋಟೊ ಎಲ್ಲ ಸೇರಿ ಅದು ಒಂದು ಫ್ಲಾಪಿಯಲ್ಲಿ ಹಿಡಿಯಲಿಲ್ಲ.

"ಫಿಕರ್ ಮಾಡಬ್ಯಾಡ್ರಿ ಸರ್, ಕಮ್ಮಿ ಮಾಡಿ ಕೂಡಿಸ್ತೀನಿ" ಅಂದೆ. ಒಂದು ನಿಮಿಷದಲ್ಲಿ ಪ್ರಬಂಧ ಅರ್ಧಕ್ಕಿಂತ ಸಣ್ಣದಾಯಿತು.

ಅವರ ಮುಖ ಅರಳಿತು. ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಏನೇನು ತೆಗೀತ್ರಿ ಅದು?"

"ಏನೂ ತೆಗೆದಿಲ್ರಿ. ಬಿಚ್ಚಿದ್ರ ಎಲ್ಲಾ ಹಂಗೇ ಇರ್ತದ."

ಅವರು ನಿಟ್ಟುಸಿರುಬಿಟ್ಟರು. "ಹಂಗಾರ ಏನು ಉಪಯೋಗ ಬಂತ್ರಿ? ನಮ್ಮ ಗೈಡು ಐವತ್ತು ಪುಟ ಕಡೀರಿ ಅಂದಾರ. ಆರು ವರ್ಷ ಕೂತು ಬರದೀನಿ, ನನ್ನ ಕೈಲಿಂದ ಕಡಿಯೋದು ಆಗವಲ್ದು. ಆ ಪಾಪ ಮಷೀನಿಗೆ ಹತ್ತಲಿ ಅಂತ ಮಾಡಿದ್ದೆ."

೨. ಹಿಗ್ಗಿಸಿದ್ದು

ಚಿತ್ರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಿ ತೋರಿಸುವ ಸಣ್ಣ ಸಾಫ್ಟ್‌ವೇರು ಒಂದಿತ್ತು. ಅದು ಉಪಕಾರಿ ಎಂದೇ ನನ್ನ ಅಭಿಪ್ರಾಯ. ಕೋಟನೂರಿನ ಕಡೆಯ ಒಬ್ಬ ಹಿರಿಯ ಪೂಜಾರಿಗಳು ಮಾತ್ರ ಅದನ್ನು ಒಪ್ಪಲಿಲ್ಲ.

ಅವರ ಕಣ್ಣು ಮಂದವಾಗುತ್ತ ಬಂದಿತ್ತು. ತಂದೆ ಸೂಜಿಮೊನೆಯಂಥ ಅಕ್ಷರದಲ್ಲಿ ಬರೆದಿಟ್ಟ ಸ್ತೋತ್ರಗಳ ವಹಿಯನ್ನು ತಂದಿದ್ದರು. ಪೂರ್ತಿ ಕಾಣದಾಗುವ ಮೊದಲು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಳ್ಳಬೇಕೆಂಬ ಆಸೆ. ನಾನು ಪುಟವನ್ನು ಸ್ಕ್ಯಾನ್ ಮಾಡಿ, ಒಂದೊಂದು ಅಕ್ಷರ ಅಂಗೈಯಗಲ ಮಾಡಿ ತೋರಿಸಿದೆ. ತಂದೆಯ ಕೈಬರಹ ಅಷ್ಟು ದೊಡ್ಡದಾಗಿ ಕಂಡದ್ದೇ ಕೈಮುಗಿದರು. ಓದುತ್ತ ಓದುತ್ತ ಒಂದು ಕಡೆ ನಿಂತರು.

"ಈ ಅಕ್ಷರದ ಹೊಟ್ಯಾಗ ಚುಕ್ಕಿ ಅದ ಏನ್ರಿ?"

"ಅದರಿ. ಇದು ‘ಥ’."

"ನಲವತ್ತು ವರ್ಷ ನಾ ಇದಕ್ಕ ‘ದ’ ಅಂತೇ ಅಂದೀನಿ."

ಪರದೆಯ ಮೇಲಿನ ಆ ಚುಕ್ಕೆಗೆ ಬೆರಳಿಟ್ಟು ನೋಡಿದರು. ಆಮೇಲೆ ವಹಿ ಮಡಚಿ ನನ್ನ ಕಡೆ ನೋಡಿದರು. "ದೇವರು ನಲವತ್ತು ವರ್ಷ ಸುಮ್ಮನಿದ್ದ. ನಿಮಗ ಒಂದು ದಿನ ಸುಮ್ಮನಿರಾಕ ಆಗಲಿಲ್ಲ ನೋಡ್ರಿ."

೩. ಅಳಿಸಿದ್ದು

ಡಿಸ್ಕ್ ಸಾಫ್ ಮಾಡುವ ಸಾಫ್ಟ್‌ವೇರಿನ ಬಗ್ಗೆ ನಾನು ಒಳ್ಳೆಯ ಮಾತು ಆಡುವುದಿಲ್ಲ. ಕಾರಣ ಕಮಲಾಪುರದ ಒಬ್ಬ ಮೇಷ್ಟ್ರು.

ಅವರ ತಾಯಿಗೆ ಗಂಟಲಿನ ಆಪರೇಷನ್ ಇತ್ತು. ಮುಂದೆ ದನಿ ಉಳಿಯುವ ಭರವಸೆ ಇಲ್ಲ ಅಂದಿದ್ದರಂತೆ ಡಾಕ್ಟರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮೇಷ್ಟ್ರು ತಾಯಿಯನ್ನು ನನ್ನ ಅಂಗಡಿಗೆ ಕರೆತಂದರು. "ಬೀಸೋಕಲ್ಲಿನ ಹಾಡು ಭಾಳ ಛಲೋ ಹಾಡ್ತಾಳ್ರಿ. ಒಂದಾದ್ರೂ ಹಿಡಿದಿಡ್ರಿ" ಅಂದರು. ನನ್ನ ಕಂಪ್ಯೂಟರಿನಲ್ಲಿದ್ದ ದನಿ ಹಿಡಿಯುವ ಸಾಫ್ಟ್‌ವೇರು ಒಂದೇ ನಿಮಿಷ ಹಿಡಿದು ತಾನೇ ನಿಲ್ಲುತ್ತಿತ್ತು. ಮೈಕು ಕೊಟ್ಟು ಅದನ್ನು ಶುರು ಮಾಡಿದೆ. ಅವ್ವ ಮೈಕು ಬಿಟ್ಟು ಮಗನನ್ನು ನೋಡಿದಳು.

"ಶುರು ಆತೇನು? ನನ್ನ ಏನು ನೋಡ್ತೀ, ನಿನ್ನ ಅಂಗಿ ನೋಡ್ಕೋ. ಮ್ಯಾಲಿನ ಗುಂಡಿ ಕೆಳಗ, ಕೆಳಗಿಂದು ಮ್ಯಾಲ. ಹಿಂಗೇ ಸಾಲಿಗೆ ಹೋಗ್ತೀಯೇನು? ಹುಡುಗರು ನಗಂಗಿಲ್ಲೇನು? ಮುಂಜಾನೆ ಏನರೆ ತಿಂದೀಯೋ ಇಲ್ಲೋ?"

"ಹೂನವ್ವ, ತಪ್ಪಾತು" ಅಂದರು ಮೇಷ್ಟ್ರು. ನಿಮಿಷ ಮುಗಿಯಿತು.

ಆಸ್ಪತ್ರೆಗೆ ಹೊತ್ತಾಗಿತ್ತು. "ಗುಣ ಆಗಿ ಬಂದ ಮ್ಯಾಲ ಹಾಡು ಹಿಡಿಯೋಣ್ರಿ" ಎಂದು ಹೋದರು. ಅವ್ವ ಗುಣವಾಗಿ ಬಂದಳು, ದನಿ ಬರಲಿಲ್ಲ.

ತಿಂಗಳ ಮೇಲೆ ಮೇಷ್ಟ್ರು ಖಾಲಿ ಫ್ಲಾಪಿ ಹಿಡಿದು ಬಂದರು. "ಅವ್ವಂದು ಆ ಒಂದು ನಿಮಿಷ ಇದರಾಗ ಹಾಕಿ ಕೊಡ್ರಿ." ಹುಡುಕಿದೆ. ಇಲ್ಲ. ಅದೇ ಬೆಳಿಗ್ಗೆ ಬೇಡದ್ದನ್ನೆಲ್ಲ ಸಾಫ್ ಮಾಡು ಎಂದು ಹೇಳಿ ನಾನು ಚಹಾಕ್ಕೆ ಹೋಗಿದ್ದೆ. ಯಾವುದು ಬೇಡದ್ದು ಎಂದು ಅದು ಕೇಳಿರಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ. ಮೇಷ್ಟ್ರು ಬೈಯಲಿಲ್ಲ. ಫ್ಲಾಪಿಯನ್ನು ಜೇಬಿಗೆ ಹಾಕಿಕೊಂಡು, "ನಿಮ್ಮದೇನು ತಪ್ಪದ ಬಿಡ್ರಿ" ಅಂದರು. ಬೈದಿದ್ದರೆ ಛಲೋ ಇತ್ತು.

ಕೂರಿಸಿಕೊಂಡೆ. ಅಳಿಸಿದ್ದನ್ನು ಹುಡುಕಿ ತರುವ ಸಾಫ್ಟ್‌ವೇರಿನ ಒಂದು ಫ್ಲಾಪಿ ನನ್ನಲ್ಲಿತ್ತು. ಅದನ್ನು ಹಾಕಿ ನಡೆಸಿದೆ. ಕಳೆದುಹೋದ ಫೈಲುಗಳ ಸಾಲು ಬಂತು, ಪ್ರತಿ ಹೆಸರಿನ ಮೊದಲಕ್ಷರ ಮಾತ್ರ ಹೋಗಿತ್ತು. ಒಂದರ ಮುಂದೆ ನಿಂತು, ಇದರ ಮೊದಲಕ್ಷರ ಯಾವುದು ಎಂದು ಕೇಳಿತು. ಫೈಲಿಗೆ ನಾನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟ ಹೆಸರು ‘ಅವ್ವ’. ಎ ಒತ್ತಿದೆ. ಕೆಲಸ ಮಾಡುವ ಮುಂಚೆ ಕೇಳುವ ಸಾಫ್ಟ್‌ವೇರೇ ಒಳ್ಳೆಯ ಸಾಫ್ಟ್‌ವೇರು ಎಂದು ಅವತ್ತಿನಿಂದ ನನ್ನ ನಂಬಿಕೆ.

"ಶುರು ಆತೇನು?" ಅಂದಳು ಅವ್ವ ಸ್ಪೀಕರಿನಲ್ಲಿ.

ಮೇಷ್ಟ್ರು ಅಳುತ್ತಲೇ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು.

ಮುಂದೆ ಅವರು ಮನೆಗೊಂದು ಹಳೆಯ ಕಂಪ್ಯೂಟರ್ ಒಯ್ದರು. ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಅವ್ವ ಹ್ಯಾಂಗಿದ್ದಾರ್ರಿ?" ಅಂದೆ.

"ಆರಾಮ ಇದ್ದಾಳ್ರಿ. ಕಂಪ್ಯೂಟರಿನಾಗ ಆ ಒಂದು ಫೈಲ್ ಹಚ್ಚೋದು ಕಲ್ತಾಳ. ನಾ ಸ್ವಲ್ಪ ತಪ್ಪು ಮಾಡಿದ್ರ ಸಾಕು, ಹಚ್ಚಿ ಕೂಡ್ತಾಳ. ದಿನಕ್ಕ ನಾಕು ಸಲ."

"ನೀವೇನಂತೀರಿ?"

"ನಾ ಏನನ್ಲಿರಿ? ‘ಹೂನವ್ವ, ತಪ್ಪಾತು’ ಅಂದಿದ್ದೂ ಅದರಾಗೇ ಅದ. ನಾ ಬಾಯಿ ತೆಗಿಯೂದ್ರಾಗ ನಾನೇ ಒಪ್ಕೊಂಡು ಮುಗಿಸಿರ್ತೀನ್ರಿ."