ತೈಲಜ್ಞಾನಿಯೂ ನಮ್ಮ ಕಾರಿನ ಎಣ್ಣೆ-ನೀರೂ

ನನ್ನ ಮೈದುನ ಮಾರ್ತಾಂಡ ಹೊಸ ಯಂತ್ರ ಕಂಡುಹಿಡಿದನೆಂದರೆ ಮನೆಯಲ್ಲಿ ಹಳೆಯದೊಂದು ಸತ್ತಿತೆಂದೇ ಲೆಕ್ಕ. ಹೋದ ಸಲ ಮಿಕ್ಸಿ, ಅದರ ಹಿಂದಿನ ಸಲ ನೀರಿನ ಮೋಟಾರು. ಈ ಭಾನುವಾರ ಬೆಳಿಗ್ಗೆ ಅವನು ನಮ್ಮ ಕಾರಿನ ಬಾನೆಟ್ ಎತ್ತಿ, ತೆಂಗಿನಕಾಯಿಯಷ್ಟು ದಪ್ಪದ ಡಬ್ಬಿಯೊಂದನ್ನು ಎಂಜಿನ್ನಿಗೆ ಕಟ್ಟಿ, "ಅತ್ತಿಗೆ, ಎಲ್ಲರಿಗೂ ಕಾಫಿ ತನ್ನಿ. ಇತಿಹಾಸ ಶುರುವಾಗ್ತಿದೆ!" ಎಂದು ಕೂಗಿದಾಗ ನಾನು ಬರಿಗೈಯಲ್ಲೇ ಹೊರಗೆ ಓಡಿಬಂದೆ.

ಯಾಕೆಂದರೆ ಬುಧವಾರ ಆ ಕಾರು ನನಗೆ ಬೇಕಿತ್ತು. ನಂಜನಗೂಡಿನಲ್ಲಿ ನಮ್ಮಕ್ಕನ ಮನೆಯ ಗೃಹಪ್ರವೇಶ. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಲೈಸೆನ್ಸ್ ತೆಗೆದುಕೊಂಡ ಸುದ್ದಿ ಕೇಳಿ ನಮ್ಮ ಭಾವ, "ಕಾತ್ಯಾಯಿನಿ ಕಾರು ಓಡಿಸ್ಕೊಂಡು ಬರ್ತಾಳಾ? ಹಾಗಾದ್ರೆ ಅವತ್ತು ಕಾಂಪೌಂಡ್ ಗೋಡೆ ಬಿಚ್ಚಿ ಒಳಗಿಡಿಸ್ತೀನಿ!" ಎಂದು ನೆಂಟರೆಲ್ಲರ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮೈಸೂರಿನಿಂದ ಅಲ್ಲಿಯವರೆಗೆ ನಾನೇ ಓಡಿಸಿಕೊಂಡು ಹೋಗದಿದ್ದರೆ ನನ್ನ ಹೆಸರು ಬದಲಾಯಿಸಿ ಎಂದು ನಾನೂ ಹೇಳಿಬಿಟ್ಟಿದ್ದೆ.

ಇಷ್ಟಕ್ಕೂ ಮಾರ್ತಾಂಡನ ತಲೆಗೆ ಹುಳ ಬಿಟ್ಟವರು ನಮ್ಮ ಮನೆಯವರು ಮತ್ತು ಎದುರುಮನೆಯ ಕೆಂಚೇಗೌಡರು. ಇಬ್ಬರೂ ರಿಟೈರಾದವರು, ಇಬ್ಬರಿಗೂ ಒಂದೊಂದು ಕಾರು. ಪ್ರತಿ ಭಾನುವಾರ ಗೇಟಿನ ಹತ್ತಿರ ನಿಂತು ಎಂಜಿನ್ ಆಯಿಲ್ ಮೇಲೆ ಕಚ್ಚಾಡದಿದ್ದರೆ ಇಬ್ಬರಿಗೂ ತಿಂಡಿ ಜೀರ್ಣವಾಗುವುದಿಲ್ಲ.

"ಕಂಪನಿ ಶೋರೂಮಿನಲ್ಲಿ ಫುಲ್ ಸಿಂಥೆಟಿಕ್ ಹಾಕಿಸಿದ್ದೀನಿ ಗೌಡ್ರೆ. ಹತ್ತು ಸಾವಿರ ಕಿಲೋಮೀಟರ್ ಬಾನೆಟ್ ಎತ್ತೋ ಹಾಗೇ ಇಲ್ಲ!"

"ಅಯ್ಯೋ ಬುಡಿ ಸಾರ್! ನಿಮ್ ಕಾರು ವರ್ಸಕ್ಕೆ ಮೂರು ಸಾವ್ರ ಓಡುದ್ರೆ ಎಚ್ಚು. ಮಾರ್ಕೆಟ್ಗೋಗಿ ಸೊಪ್ಪು ತರಕ್ಕೆ ಸಿಂತೆಟಿಕ್ ಯಾಕೆ? ನಮ್ ಗ್ಯಾರೇಜಲ್ಲಿ ಕಣ್ಮುಂದೇನೆ ಹಳೇದು ಬಸ್ದು ಕಣ್ಮುಂದೇನೆ ಹೊಸ್ದು ಉಯ್ತಾರೆ. ನಿಮ್ ಶೋರೂಮಲ್ಲಿ ಗಾಜಿನಾಚೆ ಕೂರ್ಸಿ ಬಿಸ್ಕತ್ ಕೊಡ್ತಾರೆ."

"ಹೊರಗೆ ಮಾಡಿಸಿದ್ರೆ ವಾರಂಟಿ ಹೋಗುತ್ತೆ ರೀ!"

"ಕಾರಿಗೆ ಅನ್ನೊಂದು ವರ್ಸ ಆಯ್ತು. ಇನ್ಯಾವ ವಾರಂಟಿ ಸಾರ್?"

"ಜಗಳ ಸಾಕು!" ಮಾರ್ತಾಂಡ ಕೈಯೆತ್ತಿದ. "ಕುಡಿಯೋದು ಕಾರು. ಯಾವ ಎಣ್ಣೆ ಬೇಕು ಅಂತ ಅದನ್ನೇ ಕೇಳೋಣ. ಇದೇ ನನ್ನ ತೈಲಜ್ಞಾನಿ! ಇದರ ತಂತಿ ನಾಲಿಗೆ ಎಂಜಿನ್ ಒಳಗಿನ ಎಣ್ಣೆ ನೆಕ್ಕುತ್ತೆ, ಯೋಚಿಸುತ್ತೆ, ಸ್ಪೀಕರಿನಲ್ಲಿ ಮಾತಾಡುತ್ತೆ. ಅದಕ್ಕೆ ಸರಿ ಅನ್ನಿಸೋವರೆಗೂ ಎಂಜಿನ್ ಸ್ಟಾರ್ಟ್ ಮಾಡೋದಕ್ಕೆ ಬಿಡೋದೇ ಇಲ್ಲ!"

ಅವನು ಗುಂಡಿ ಒತ್ತಿದ. ಕಾರು ಗಳಗಳನೆ ಬಾಯಿ ಮುಕ್ಕಳಿಸಿತು.

"ಥೂ! ಯಾರೋ ಇದನ್ನ ನನ್ನ ಬಾಯಿಗೆ ಹಾಕಿದ್ದು? ಬರೀ ಡಬ್ಬಿ ವಾಸನೆ! ಗಾಣದ ಎಣ್ಣೆ ಸಿಗಲಿಲ್ವಾ ನಿಮಗೆ?"

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ಮೊರ ಕೆಳಗೆ ಹಾಕಿಬಿಟ್ಟರು. "ನಾನು ಬಾಯೇ ತೆಗೀಲಿಲ್ಲ ಕಣೇ!"

ನಿಜ, ಅವರು ಬಾಯಿ ತೆರೆದಿರಲಿಲ್ಲ. ಆದರೆ ದನಿ ಅವರದೇ! ಅದೇ ಎಳೆತ, ಅದೇ ಗದರು!

ಮಾರ್ತಾಂಡ ತಲೆ ಕೆರೆದುಕೊಂಡ. "ಮೊದಲು ಇದಕ್ಕೆ ಕಾರಿನವರ ವಾಟ್ಸಾಪ್ ಗುಂಪಿನ ಚರ್ಚೆ ಓದಿಸಿದೆ ಅತ್ತಿಗೆ. ಒಬ್ಬ ಮಿನರಲ್ ಅಂತಾನೆ, ಒಬ್ಬ ಸಿಂಥೆಟಿಕ್ ಅಂತಾನೆ, ಡಬ್ಬಿ ಬಿಸಿಯಾಗಿ ಹೊಗೆ ಬಂತು. ಎಣ್ಣೆ ವಿಷಯದಲ್ಲಿ ಗೊಂದಲ ಇಲ್ಲದೆ ಮಾತಾಡೋರು ಯಾರಿದ್ದಾರೆ? ನಮ್ಮಮ್ಮ! ಒಂದು ವಾರ ಡಬ್ಬೀನ ಅಮ್ಮನ ಹಾಸಿಗೆ ಪಕ್ಕ ಇಟ್ಟು, ನಿನಗೆ ಎಣ್ಣೆ ಬಗ್ಗೆ ಗೊತ್ತಿರೋದೆಲ್ಲ ಹೇಳಮ್ಮ ಅಂದೆ."

ಒಬ್ಬ ಅತ್ತೆಯನ್ನು ಸುಧಾರಿಸುವಷ್ಟರಲ್ಲಿ ನನ್ನ ಕೂದಲು ನೆರೆತಿದೆ. ಈಗ ಇನ್ನೊಬ್ಬರು, ಅದೂ ನಾಲ್ಕು ಚಕ್ರದ ಮೇಲೆ!

"ಬಿಚ್ಚೋ ಅದನ್ನ!" ಎಂದು ನಮ್ಮ ಮನೆಯವರು ಗುಡುಗಿದರು.

"ಆಗಲ್ಲ ಅಣ್ಣ. ತನ್ನ ಬಿಸಿಗೆ ತಾನೇ ಕರಗಿ ಅಂಟ್ಕೊಂಡಿದೆ. ಎಳೆದ್ರೆ ಎಂಜಿನ್ನೂ ಜೊತೆಗೇ ಬರುತ್ತೆ."

ಗೌಡರು ಮಾತ್ರ ಕಣ್ಣೊರೆಸಿಕೊಂಡು ನಗುತ್ತಿದ್ದರು. "ನಿಮ್ ಸಿಂತೆಟಿಕ್ಕಿಗೆ ತೂ ಅಂತಲ್ಲ ಸಾರ್ ಕಾರು! ಕಾರೇ ತೂ ಅಂದ್ಮೇಲೆ ಇನ್ನೇನದೆ?"

*

ಸೋಮವಾರ ಕಾರು ಹೊಸ ರಾಗ ತೆಗೆಯಿತು. "ಹೊಟ್ಟೆ ಭಾರ. ಅನ್ನ ಸೇರ್ತಿಲ್ಲ. ಒಂದು ಲೋಟ ಹರಳೆಣ್ಣೆ ಕೊಡಿ, ಎಲ್ಲಾ ಸರಿಹೋಗುತ್ತೆ."

"ಹಿಂದಿನ ಕಾಲದ ವಿಮಾನಗಳಿಗೆ ಹರಳೆಣ್ಣೇನೇ ಹಾಕ್ತಿದ್ರು ಅತ್ತಿಗೆ, ಏನೂ ಆಗಲ್ಲ!" ಎನ್ನುತ್ತಾ ಮಾರ್ತಾಂಡ ಸುರಿದೇಬಿಟ್ಟ. ಕಾರು ತೃಪ್ತಿಯಿಂದ ತೇಗಿ ಸ್ಟಾರ್ಟ್ ಆಯಿತು. ಸ್ಟಾರ್ಟ್ ಆಗಿದ್ದೇ ಸಾಕೆಂದು ನಮ್ಮ ಮನೆಯವರು ಅದನ್ನು ನೇರವಾಗಿ ಶೋರೂಮಿಗೆ ಓಡಿಸಿದರು. ನಾನೂ ಜೊತೆಗೆ ಕೂತೆ, ಬುಧವಾರದ ಚಿಂತೆ ನನ್ನದಲ್ಲವೇ!

ಶೋರೂಮಿನ ನೆಲ ಬಿಳಿ ಟೈಲ್ಸು, ಮುಖ ನೋಡಿಕೊಳ್ಳಬಹುದು. ಟೈ ಕಟ್ಟಿದ ಸರ್ವಿಸ್ ಅಡ್ವೈಸರ್ ಓಡಿಬಂದು ಪಟ್ಟಿ ಒಪ್ಪಿಸಿದ. "ಸರ್, ಎಂಜಿನ್ ಫ್ಲಶ್ ಮಾಡ್ಬಿಡೋಣ, ಥ್ರಾಟಲ್ ಕ್ಲೀನಿಂಗ್ ಮಾಡ್ಬಿಡೋಣ, ಎಸಿಗೆ ಸುವಾಸನೆ ಹಾಕ್ಬಿಡೋಣ..."

ಅಷ್ಟರಲ್ಲಿ ಹರಳೆಣ್ಣೆ ತನ್ನ ಕೆಲಸ ಮಾಡಿತು. ಕಾರು ಒಮ್ಮೆ ನಡುಗಿತು. ಡಬಡಬ ಎಂದಿತು. ಹೊಟ್ಟೆಯೊಳಗಿದ್ದ ಎಣ್ಣೆಯನ್ನೆಲ್ಲ ಆ ಬಿಳಿ ನೆಲದ ಮೇಲೆ ಖಾಲಿ ಮಾಡಿ, "ಅಬ್ಬಾ, ಈಗ ಹಗುರಾಯ್ತು" ಎಂದಿತು! ಅಡ್ವೈಸರ್ ಜಾರಿಕೊಂಡು ಹೋಗಿ ಗಾಜಿನ ಬಾಗಿಲಿಗೆ ಒರಗಿ ನಿಂತ.

"ಬಾಪ್ಪಾ ಇಲ್ಲಿ," ಎಂದು ಕಾರು ಕರೆಯಿತು. "ಊಟ ಆಯ್ತಾ?"

"ಆ... ಆಯ್ತು ಮೇಡಂ."

"ಹೋದ ಸಲ ಗಾಳಿ ಫಿಲ್ಟರ್ ಹೊಸದು ಹಾಕಿದೆ ಅಂತ ಬಿಲ್ಲಿನಲ್ಲಿ ಬರೆದೆಯಲ್ಲ, ನನ್ನ ಮೂಗಿನಲ್ಲಿ ಇನ್ನೂ ಹಳೇದೇ ಇದೆ. ಹೆತ್ತ ತಾಯಿ ಆಣೆಯಾಗಿ ಹೇಳು, ಹಾಕಿದೆಯಾ?"

ಹುಡುಗ ಟೈ ಸಡಿಲಿಸಿದ. "ಅಜ್ಜೀ, ಗಾಳಿ ಹೊಡೆದು, ಒರೆಸಿ, ಅದನ್ನೇ ಹಾಕ್ಬಿಟ್ವಿ!" ಎಂದು ಗೊಳೋ ಎಂದು ಅತ್ತುಬಿಟ್ಟ.

ಗಾಜಿನಾಚೆ ಬಿಸ್ಕತ್ತು ತಿನ್ನುತ್ತಿದ್ದ ಗಿರಾಕಿಗಳೆಲ್ಲ ಈಚೆ ನುಗ್ಗಿದರು. "ಅಜ್ಜಿ, ನನ್ನ ಕಾರೂ ಸ್ವಲ್ಪ ನೋಡಿ!" "ಅಜ್ಜಿ, ನನ್ನ ಬ್ರೇಕ್ ಪ್ಯಾಡ್ ನಿಜವಾಗ್ಲೂ ಸವೆದಿತ್ತಾ?" ಮ್ಯಾನೇಜರ್ ಓಡಿಬಂದು ಕೈಮುಗಿದು, ಒಂದು ರೂಪಾಯಿ ತೆಗೆದುಕೊಳ್ಳದೆ ಒಳ್ಳೆಯ ಎಣ್ಣೆ, ಹೊಸ ಫಿಲ್ಟರ್ ಎರಡೂ ಹಾಕಿಸಿ, ದಯವಿಟ್ಟು ಹಿಂದಿನ ಗೇಟಿನಿಂದ ಹೋಗಿ ಎಂದು ಬೇಡಿಕೊಂಡರು. ಕಾರು ಮೂಗು ಮುಚ್ಚಿಕೊಂಡು ಕಷಾಯ ಕುಡಿದ ಹಾಗೆ ಆ ಎಣ್ಣೆ ಕುಡಿಯಿತು. ಇಷ್ಟು ವರ್ಷ ನಂಬಿದ್ದ ದೇವಸ್ಥಾನದಲ್ಲೇ ಚಪ್ಪಲಿ ಕಳವಾದ ಮುಖ ದಾರಿಯುದ್ದಕ್ಕೂ ನಮ್ಮ ಮನೆಯವರದು!

*

ಬುಧವಾರ ಬೆಳಿಗ್ಗೆ ನಾನು ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು, ಕೀಲಿಕೈ ಹಿಡಿದು ಬಂದೆ.

"ಎಲ್ಲಿಗೆ?" ಎಂದಿತು ಕಾರು.

"ಗೃಹಪ್ರವೇಶಕ್ಕೆ."

"ಮೈಲಿಗೆಯಲ್ಲಿ ಶುಭಕಾರ್ಯಕ್ಕೆ ಹೊರಟರೆ ಲಕ್ಷಣವಾಗಿರುತ್ತಾ? ಮೊದಲು ನನಗೆ ಎಣ್ಣೆ-ನೀರು ಹಾಕಿ."

ಏನು ಮಾಡಿದರೂ ಸ್ಟಾರ್ಟ್ ಆಗಲೊಲ್ಲದು. ಅಷ್ಟರಲ್ಲಿ ನಮ್ಮ ಮನೆಯವರಿಗೆ ಧರ್ಮಸೂಕ್ಷ್ಮ ಹೊಳೆಯಿತು. "ಹೆಂಗಸರು ಎಣ್ಣೆ-ನೀರು ಹಾಕ್ಕೊಳ್ಳೋದು ಮಂಗಳವಾರ, ಶುಕ್ರವಾರ. ಬುಧವಾರ, ಶನಿವಾರ ಗಂಡಸರಿಗೆ. ಈ ಕಾರು ಗಂಡೋ ಹೆಣ್ಣೋ?"

"ದನಿ ಅಮ್ಮನದು, ಹೆಣ್ಣೇ," ಎಂದ ಮಾರ್ತಾಂಡ.

"ಅಂಗಾದ್ರೆ ಶುಕ್ರವಾರದ ಗಂಟ ಕಾಯ್ಬೇಕಾ?" ಎಂದು ಗೌಡರು ಗೇಟಿನಾಚೆಯಿಂದ ಕತ್ತು ಹಾಕಿದರು. "ಆರ್‌ಸಿಲಿ ಯೆಸ್ರು ಯಾರ್ದದೆ?"

"ನಂದು, ಚಂದ್ರಮೌಳಿ ಅಂತ."

"ಮುಗೀತಲ್ಲ. ಸರ್ಕಾರದ ಲೆಕ್ಕದಾಗೆ ಗಂಡಸು. ಹಂಡೆ ಕಾಯ್ಸಿ!"

ಕಾರಿನ ಟಾಪಿನ ಮೇಲೆ ಎಳ್ಳೆಣ್ಣೆ ಸುರಿದು ಅಣ್ಣತಮ್ಮಂದಿರಿಬ್ಬರೂ ತಟ್ಟಿದರು. "ನೆತ್ತಿಗೆ ಚೆನ್ನಾಗಿ ತಟ್ಟೋ, ತಂಪಿಳೀಲಿ!" ಎಂದು ಕಾರು ಹುಕುಂ ಮಾಡಿತು. ಚಕ್ರಗಳನ್ನೂ ನೀವಿಸಿಕೊಂಡಿತು. ಗೌಡರು ಚೊಂಬು ಚೊಂಬು ಬಿಸಿನೀರು ಹೊಯ್ದರು. ಸೀಗೆಪುಡಿ ಹೆಡ್‌ಲೈಟಿಗೆ ಹೋದದ್ದೇ ತಡ, "ಅಯ್ಯಯ್ಯೋ ಕಣ್ಣುರಿ!" ಎಂದು ಹಾರ್ನ್ ಕಿರುಚಿತು, ವೈಪರ್‌ಗಳು ಹುಚ್ಚು ಹಿಡಿದಂತೆ ಬಡಿದಾಡಿ ಮೂವರನ್ನೂ ಸೀಗೆಯಲ್ಲಿ ಮೀಯಿಸಿದವು. ಸಾಂಬ್ರಾಣಿ ಹೊಗೆಯನ್ನೂ ಹಾಕಿದೆವು. ಬೀದಿಗೆ ಬೀದಿಯೇ ಗೇಟಿನ ಮುಂದೆ ಸೇರಿತ್ತು.

ನಾನು ಓಡಿಹೋಗಿ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದೆ. ಸದ್ದಿಲ್ಲ!

"ಹುಚ್ಚೀ," ಎಂದು ಕಾರು ಆಕಳಿಸಿತು, "ಎಣ್ಣೆ-ನೀರು ಹಾಕ್ಕೊಂಡು ಯಾರಾದ್ರೂ ಗಾಳಿಗೆ ಹೋಗ್ತಾರಾ? ಶೀತ ಆಗಲ್ವಾ? ಕಂಬಳಿ ಹೊದಿಸು. ಮೆಣಸಿನ ಸಾರು ಮಾಡಿಡು. ನಾಳೆ ನೋಡೋಣ."

ನನಗೆ ತಡೆಯಲಾಗಲಿಲ್ಲ. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಗೃಹಪ್ರವೇಶದ ಮುಹೂರ್ತ ಆಗಲೇ ಮೀರಿತ್ತು, ಊಟದ ಹೊತ್ತಿಗಾದರೂ ತಲುಪೋಣವೆಂದರೆ ಅದೂ ಇಲ್ಲ. ಭಾವನ ನಗು ಕಿವಿಯಲ್ಲೇ ಕೇಳಿಸುತ್ತಿತ್ತು.

"ಬಸ್ಸಿಗೆ ಹೋಗೋಣ ಬಿಡೇ," ಎಂದರು ನಮ್ಮ ಮನೆಯವರು.

ಆಗ ಪಕ್ಕದ ಬಾಗಿಲು ತೆಗೆದು ನಮ್ಮತ್ತೆ ಬಂದು ಕೂತರು. ಡ್ಯಾಶ್‌ಬೋರ್ಡಿಗೆ ಬೆರಳಿನಿಂದ ಒಂದು ಕುಟ್ಟಿದರು.

"ಏಯ್! ಯಾರ ಮಾತು ಅದು, ಗಾಳಿಗೆ ಹೋಗಬಾರದು ಅನ್ನೋದು?"

"ನಿನ್ನದೇ," ಎಂದಿತು ಕಾರು.

"ಹೇಳಿದ್ದನ್ನೆಲ್ಲ ನಾನು ಮಾಡಿದ್ದೀನಿ ಅಂತ ನಿನಗೆ ಯಾರು ಹೇಳಿದ್ರು?"

ಅತ್ತೆ ನಮ್ಮ ಮನೆಯವರ ಕಡೆ ಬೆರಳು ತೋರಿದರು.

"ಮದುವೆಯಾದ ಹೊಸದರಲ್ಲಿ ಎಣ್ಣೆ-ನೀರಾದ ದಿನವೇ ಇವರಪ್ಪನ ಸೈಕಲ್ ಹಿಂದೆ ಕೂತು ದಸರಾ ಎಕ್ಸಿಬಿಷನ್‌ಗೆ ಹೋಗಿದ್ದೆ. ಕಿವಿಗೆ ಹತ್ತಿ ಇಟ್ಕೊಂಡು, ಶಾಲು ಹೊದ್ದುಕೊಂಡು! ನಮ್ಮತ್ತೆ ಬೇಡವೇ ಬೇಡ ಅಂದ್ರು. ಅವತ್ತು ಅವರ ಮಾತು ಕೇಳಿದ್ರೆ ನಾನು ಅಡುಗೆಮನೆ ಕಿಟಕೀಲೇ ಊರು ನೋಡ್ಬೇಕಾಗ್ತಿತ್ತು. ಈ ಹುಡುಗಿ ಮೂರು ಸಲ ಫೇಲಾದ್ರೂ ಬಿಡದೆ ಆರ್‌ಟಿಓ ಮೈದಾನದಲ್ಲಿ ಎಂಟು ಹಾಕಿ ಪಾಸ್ ಮಾಡಿದ್ದಾಳೆ. ಅವಳನ್ನ ತಡೀಬೇಡ. ನಡಿ!"

ಈ ಮನೆಗೆ ಬಂದಮೇಲೆ ಅತ್ತೆ ನನ್ನ ಪರವಾಗಿ ವಾದಿಸಿದ್ದು ಅದೇ ಮೊದಲು. ನನ್ನನ್ನು ಹುಡುಗಿ ಎಂದದ್ದಂತೂ ಕೇಳಿದ ನೆನಪೇ ಇಲ್ಲ. ಇನ್ನೂ ಒಂದಿಷ್ಟು ಅಳೋಣ ಎನ್ನಿಸಿತು, ಆದರೆ ಹೊತ್ತಿರಲಿಲ್ಲ.

ಕಾರು ಮೆಲ್ಲಗೆ, "ಮನೇಲಿ ಹತ್ತಿ ಇದೆಯಾ?" ಎಂದಿತು.

*

ಅವತ್ತು ನಂಜನಗೂಡು ರಸ್ತೆಯಲ್ಲಿ ನಮ್ಮನ್ನು ನೋಡಿದವರು ಈಗಲೂ ಮಾತಾಡಿಕೊಳ್ಳುತ್ತಿರಬೇಕು. ಬಾನೆಟ್ಟಿಗೆ ನಮ್ಮ ಮನೆಯವರ ಕಾಶ್ಮೀರಿ ಶಾಲು. ಎರಡೂ ಪಕ್ಕದ ಕನ್ನಡಿಗಳ ಹಿಂದೆ ಉಂಡೆ ಉಂಡೆ ಹತ್ತಿ. ಮೈಯೆಲ್ಲ ಎಳ್ಳೆಣ್ಣೆ ಘಮಘಮ. ನಾನು ಹಾರ್ನ್ ಒತ್ತಿದರೆ, "ಸ್ವಲ್ಪ ದಾರಿ ಬಿಡಪ್ಪಾ, ಪುಣ್ಯ ಬರುತ್ತೆ!" ಎಂದು ಕಾರು ಕೂಗುತ್ತಿತ್ತು. ಲಾರಿಗಳೂ ದಾರಿ ಬಿಟ್ಟವು! ಹಿಂದೆ ಅಣ್ಣತಮ್ಮಂದಿರು ಕಣ್ಮುಚ್ಚಿ ಕೂತಿದ್ದರು. ಅತ್ತೆಯೂ ಕಾರೂ ಒಗ್ಗರಣೆಗೆ ಯಾವ ಎಣ್ಣೆ ಮೇಲು ಎಂದು ಒಂದೇ ದನಿಯಲ್ಲಿ ಜಗಳವಾಡುತ್ತಿದ್ದರು. ನಾನು ಗೇರ್ ಬದಲಾಯಿಸುತ್ತಾ ನಗುತ್ತಿದ್ದೆ. ಜೀವನದಲ್ಲಿ ಅಷ್ಟು ಖುಷಿಯಾಗಿದ್ದು ನೆನಪಿಲ್ಲ.

ಭಾವ ಗೇಟಿನಲ್ಲೇ ನಿಂತಿದ್ದರು. ಅವರ ಕಣ್ಣೆದುರೇ ಗೋಡೆಗೆ ಒಂದು ಗೀರೂ ಬೀಳದಂತೆ ಕಾರನ್ನು ಒಳಗಿಟ್ಟು ಕೆಳಗಿಳಿದೆ. ಅವರು ಬಗ್ಗಿ ಗೋಡೆ ತಡವಿ ನೋಡಿದರು. ಬೀದಿಯುದ್ದಕ್ಕೂ ನೆಂಟರ ಹೊಚ್ಚಹೊಸ ಕಾರುಗಳು, ಎಲ್ಲವೂ ಮಾತಾಡುವ ಪರದೆ ಇರುವಂಥವು, ಸಾಲಾಗಿ ನಿಂತಿದ್ದವು. ನಾವು ಹೋಳಿಗೆ ಊಟಕ್ಕೆ ಕೂತೆವು.

ಕೈತೊಳೆದು ಹೊರಗೆ ಬಂದರೆ ಬೀದಿಯಲ್ಲಿ ಹಾಹಾಕಾರ! ಎಲ್ಲ ಕಾರುಗಳೂ ಒಟ್ಟಿಗೆ ನಮ್ಮತ್ತೆಯ ದನಿಯಲ್ಲಿ, "ಹಂಡೆ ಕಾಯಿಸಿ! ಎಳ್ಳೆಣ್ಣೆ ತನ್ನಿ!" ಎಂದು ಕೂಗುತ್ತಿದ್ದವು.

ಮಾರ್ತಾಂಡನ ಮುಖ ಅರಳಿತು. "ನೋಡಿದ್ರಾ ಅತ್ತಿಗೆ! ಇದಕ್ಕೆ ಗೊತ್ತಿರೋದನ್ನ ಅಕ್ಕಪಕ್ಕದ ಕಾರುಗಳಿಗೆ ಗಾಳಿಯಲ್ಲೇ ಕಲಿಸಿಬಿಟ್ಟಿದೆ! ಇಷ್ಟು ಬುದ್ಧಿವಂತ ಅಂತ ನನಗೇ ಗೊತ್ತಿರಲಿಲ್ಲ!"

ಜರಿ ಪಂಚೆಯವರೆಲ್ಲ ಪಂಚೆ ಎತ್ತಿಕಟ್ಟಿ ಕಾರುಗಳ ನೆತ್ತಿ ತಟ್ಟಿದರು. ಅಕ್ಕನ ಹೊಸ ಸಂಪು ಖಾಲಿಯಾಯಿತು. ಅಡುಗೆಯವರ ಒಲೆಯ ಮೇಲೆಲ್ಲ ಸ್ನಾನದ ನೀರು. ಮಿಂದ ಕಾರುಗಳು ಒಂದೊಂದಾಗಿ ಜಮಖಾನೆ, ಬೆಡ್‌ಶೀಟು, ಯಾರದೋ ರೇಷ್ಮೆ ಸೀರೆ ಹೊದ್ದು, ನಾಳೆಯವರೆಗೆ ಎಬ್ಬಿಸಬೇಡಿ ಎಂದು ಗೊರಕೆ ಹೊಡೆದವು. ಭಾವನ ಕಾರಂತೂ ಮಲಗುವ ಮುಂಚೆ ಮೆಣಸಿನ ಸಾರಿಗೆ ಉಪ್ಪು ಸಾಲದು ಎಂದು ಹೇಳಿತಂತೆ!

ಓಡುವ ಸ್ಥಿತಿಯಲ್ಲಿದ್ದದ್ದು ನಮ್ಮ ಕಾರೊಂದೇ. ಪುರೋಹಿತರಿಗೆ ಸಂಜೆ ಮೈಸೂರಿನಲ್ಲಿ ಒಂದು ನಾಮಕರಣ. ಮನೆಯ ಯಜಮಾನರಾಗಿ ಅವರನ್ನು ತಲುಪಿಸುವ ಜವಾಬ್ದಾರಿ ಭಾವನದು. ಅವರು ಬಂದು ಪುರೋಹಿತರ ಪಕ್ಕ ಹಿಂದಿನ ಸೀಟಿನಲ್ಲಿ ಕೂತರು. ಉಳಿದವರನ್ನೆಲ್ಲ ಅಲ್ಲೇ ಬಿಟ್ಟು ನಾನು ಮುಂದೆ ಕೂತು ಸೆರಗು ಸಿಕ್ಕಿಸಿದೆ.

ಊರು ದಾಟಿದ ಮೇಲೆ ಪುರೋಹಿತರು ಏನೂ ಅರಿಯದವರಂತೆ ಕೇಳಿದರು, "ಯಜಮಾನರೇ, ನಿಮಗೆ ಕಾರು ಓಡಿಸೋದಕ್ಕೆ ಬರಲ್ವಾ?"

ಭಾವ ಕಿಟಕಿಯಾಚೆ ನೋಡತೊಡಗಿದರು.

"ಇನ್ನೂ ಕಲೀತಿದ್ದಾರೆ," ಎಂದೆ ನಾನು.