ಡೂಪ್ಲಿಕೇಟ್ ಎಂದು ನಾಪಾಸಾದ ಬಾಟಲಿಯ ಮರುಪರೀಕ್ಷೆ ಕೋರಿ

ಇಂದ,
ಚೇತನಕುಮಾರ,
ಬೆಳೆ ವಿಮೆ ಸರ್ವೆ ನೌಕರ, ಇಂಡಿ
(ತಮ್ಮ ಅಳಿಯನಾಗುವ ವಿಷಯದಲ್ಲಿ ಸದ್ಯ ತಡೆಹಿಡಿಯಲ್ಪಟ್ಟವನು)

ಗೆ,
ಶ್ರೀ ಬಸಂತರಾಯರು,
ತೊಗರಿ ವ್ಯಾಪಾರಿಗಳು, ಸಿಂದಗಿ

ವಿಷಯ: ಒಂದು ಸಿಂಗಲ್ ಮಾಲ್ಟ್ ವಿಸ್ಕಿಯ ಮೇಲಿನ ತೀರ್ಪನ್ನೂ, ಅದರಿಂದಾಗಿ ನಿಂತ ಮದುವೆ ಮಾತುಕತೆಯನ್ನೂ ಮರುಪರಿಶೀಲಿಸುವ ಕುರಿತು.

ಉಲ್ಲೇಖ: 1. ಕಳೆದ ತಿಂಗಳು ತಮ್ಮ ಪಡಸಾಲೆಯಲ್ಲಿ ಹೊರಟ ಮೌಖಿಕ ಆದೇಶ.
2. ತಮ್ಮ ಮಗಳು ಜಯಮಾಲಾ ಅವರ ಫೋನ್ ಸಲಹೆ: "ಅಪ್ಪಾರು ಬಾಯಿಮಾತು ಕೇಳಂಗಿಲ್ರಿ. ಅರ್ಜಿ ಬಂದ್ರ ಮಾತ್ರ ಚಷ್ಮಾ ಹಾಕ್ಕೋತಾರ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಅರ್ಜಿದಾರನು ತಮಗೆ ಕಾಣಿಕೆಯಾಗಿ ಕೊಟ್ಟ ಸದರಿ ಬಾಟಲಿಯನ್ನು ದುಬೈಯಿಂದ ತಂದವನು ಅರ್ಜಿದಾರನ ಗೆಳೆಯ ತಬ್ರೇಜ. ಅವನು ಕುಡಿಯುವವನಲ್ಲ. ಇದನ್ನು ಕೇಳಿದೊಡನೆ ತಾವು, "ಕುಡಿಯದಾಂವ ಶೆರೆ ಆರಿಸೂದು, ಹಲ್ಲಿಲ್ಲದಾಂವ ಕಡ್ಲಿ ಆರಿಸೂದು ಎರಡೂ ಒಂದ" ಎಂದಿರಿ. ಮುಚ್ಚಳ ತೆಗೆಯುವ ಮೊದಲೇ ಅರ್ಧ ತೀರ್ಪು ಆಗಿತ್ತು.

2. ಬಳಿಕ ತಾವು ತೊಗರಿ ಪರೀಕ್ಷಿಸುವ ಪದ್ಧತಿಯಂತೆ ಅಂಗೈಗೆ ಸ್ವಲ್ಪ ಸುರಿದುಕೊಂಡು, ತಿಕ್ಕಿ, ಮೂಸಿ, ತಮ್ಮ ಪಾಲುದಾರ ಹಣಮಂತ್ರಾಯರನ್ನು ಕರೆದಿರಿ.

"ಬಣ್ಣ ನೋಡೋ. ಕುಸುಬಿ ಎಣ್ಣಿ ಇದ್ದಂಗ ಐತಿ."

"ಎಣ್ಣಿ ಆಗಿದ್ರ ಬದನಿಕಾಯಿಗರ ಹಾಕಬಹುದಿತ್ರಿ" ಎಂದರು ಅವರು.

ಗ್ಲಾಸಿಗೆ ಐಸ್ ಬಿದ್ದ ಮೇಲೆ ವಿಸ್ಕಿ ಮಸುಕಾಯಿತು. "ಫಿನೈಲ್‌ಗೆ ನೀರು ಹಾಕಿದಂಗಾತು. ಕಂಪನಿ ಹೆಸರೂ ಇಲ್ಲ. ಮಾಲ ಗುರ್ತಾ ಹಿಡಿಯಾಕ ಬರದಾಂವಗ ನನ್ನ ಮಗಳನ್ನ ಹೆಂಗ ಕೊಡ್ಲಿ?" ಎಂದು ತಾವು ಎದ್ದಿರಿ. ಚಹಾ ಬರಲಿಲ್ಲ.

3. ಬಣ್ಣ ತೆಳುವಾಗಿರಲು ಕಾರಣ, ಅದಕ್ಕೆ ಬಣ್ಣ ಬೆರೆಸಿಲ್ಲ. ತಣ್ಣಗಾದಾಗ ಮಸುಕಾಗಲು ಕಾರಣ, ಅದನ್ನು ಅತಿಯಾಗಿ ಸೋಸಿಲ್ಲ. ಹೆಸರಿನ ವಿಷಯ: ಭಟ್ಟಿ ಇಳಿಸಿದವನಿಂದ ಒಬ್ಬ ವ್ಯಾಪಾರಿ ಒಂದು ಪೀಪಾಯಿ ಆರಿಸಿಕೊಂಡು, ತನ್ನ ಹೆಸರಲ್ಲಿ ಬಾಟಲಿಗೆ ತುಂಬಿ ಮಾರಿದ್ದಾನೆ. ತಾವೂ ಲಚ್ಯಾಣದ ರೈತರ ತೊಗರಿ ಆರಿಸಿ ಕೊಂಡು, ತಮ್ಮ ಮಾರ್ಕಿನ ಚೀಲದಲ್ಲಿ ಕಲಬುರಗಿಗೆ ಕಳಿಸುತ್ತೀರಿ. ಚೀಲದ ಮೇಲೆ ರೈತನ ಹೆಸರಿರುವುದಿಲ್ಲ. ಆ ತೊಗರಿಯನ್ನು ಯಾರೂ ಡೂಪ್ಲಿಕೇಟ್ ಎಂದಿಲ್ಲ.

4. ರುಚಿಯ ಬಗ್ಗೆ ಅರ್ಜಿದಾರನ ಹೇಳಿಕೆ: ಅಂದು ತಮ್ಮ ಪಡಸಾಲೆಯಲ್ಲೇ ಕುಡಿದ ಮೊದಲ ಗುಟುಕು ನಾಲಗೆ ಸುಟ್ಟಿತು. ಕೆಲವು ಹನಿ ನೀರು ಬಿಟ್ಟ ಮೇಲೆ ಹುರಿದ ಜೋಳ, ಅದರ ಹಿಂದೆ ಬಿಸಿ ಬೆಲ್ಲ, ಕೊನೆಗೆ ಲವಂಗ. ಡಬ್ಬಿಯ ಮೇಲೆ 'ಕಡಲ ಗಾಳಿ' ಎಂದೂ ಬರೆದಿದೆ. ಅರ್ಜಿದಾರನು ಕಡಲು ನೋಡಿಲ್ಲವಾದ ಕಾರಣ ಆ ಬಗ್ಗೆ ಏನೂ ಹೇಳುವುದಿಲ್ಲ.

5. ಬೆಲೆ ಹೆಚ್ಚೇ. ಆ ಪೀಪಾಯಿ ತೀರಿದರೆ ಅದೇ ರುಚಿ ಮತ್ತೆ ಸಿಗದು ಎಂಬುದಕ್ಕೆ ಕೊಡುವ ಹಣವದು. ದಿನಾ ಕುಡಿಯುವವನು ಕೊಡಬಾರದು. ಮಾವನನ್ನು ಒಲಿಸಿಕೊಳ್ಳಬೇಕಾದವನು ಕೊಡಬಹುದು ಎಂದು ಅರ್ಜಿದಾರನು ಅಂದಾಜಿಸಿದ್ದನು. ಬೆಳೆ ಅಂದಾಜಿಸುವ ಕೆಲಸದಲ್ಲೂ ಅವನು ಇಷ್ಟು ತಪ್ಪಿಲ್ಲ.

6. ನಾಪಾಸಾದ ಮಾಲನ್ನು ತಂದವನಿಗೆ ಮರಳಿಸುವುದು ಪೇಟೆಯ ಪದ್ಧತಿ. ಆದ್ದರಿಂದ ಕಳೆದ ರವಿವಾರ ಅರ್ಜಿದಾರನು ಬಾಟಲಿ ಒಯ್ಯಲು ತಮ್ಮ ಮನೆಗೆ ಬಂದಾಗ ತಾವಿರಲಿಲ್ಲ. ಜಯಮಾಲಾ ಅವರ ಮಾತೋಶ್ರೀ ಸುಮಿತ್ರಾಬಾಯಿಯವರು ಬಾಗಿಲಲ್ಲೇ ಹೇಳಿದರು:

"ಎಲ್ಲೀದ್ರೆಪಾ ಬಾಟ್ಲಿ? ಅರ್ಧಕ್ಕ ಬಂದೈತಿ. ದಿನಾ ಸಂಜಿಗೆ 'ಚೆಕ್ ಮಾಡಾಕತ್ತೇನಿ' ಅಂತಾರ. ಹಣಮಂತ್ರಾಯ ಬಂದ್ರ ಕಪಾಟಿನಾಗ ಇಟ್ಟು ಕೀಲಿ ಹಾಕ್ತಾರ."

"ಮತ್ತ ಡೂಪ್ಲಿಕೇಟ್ ಅಂದಿದ್ರಲ್ರಿ?"

"ಅಂದಿದ್ದು ನಾಕು ಮಂದಿ ಮುಂದ. ಈಗ ತಿರುಗಿಸಿ ಹೆಂಗ ಹೇಳ್ತಾರ? ನೀವ ಏನರ ಒಂದು ದಾರಿ ಹುಡುಕಿ ಕೊಡ್ರಿ."

ಕಾರಣ, ಈ ಅರ್ಜಿಯೇ ಆ ದಾರಿ. ಬಳಸಿದ ಮಾಲನ್ನು ನಾಪಾಸು ಎನ್ನುವ ಪದ್ಧತಿ ಸಿಂದಗಿಯಲ್ಲಿಲ್ಲ. 'ಮೊದಲ ಶಾಂಪಲ್ ಸರಿಯಾಗಿ ತೆಗೆದಿರಲಿಲ್ಲ' ಎಂದು ತಾವು ಹೇಳಿದರೆ ಸಾಕು; ತಪ್ಪು ಐಸಿನದಾಗುತ್ತದೆ, ತಮ್ಮದಾಗುವುದಿಲ್ಲ. ಆದ್ದರಿಂದ ಹಳೆಯ ಆದೇಶ ರದ್ದುಪಡಿಸಿ, ಮಾತುಕತೆಯನ್ನು ನಿಂತಲ್ಲಿಂದ ಮುಂದುವರಿಸಬೇಕಾಗಿ ವಿನಂತಿ.

ನಾಪಾಸಾದರೂ ತಮ್ಮ ವಿಶ್ವಾಸಿಯೇ,
ಚೇತನಕುಮಾರ

ಲಗತ್ತುಗಳು:
1. ಬಾಟಲಿಯ ಖಾಲಿ ಡಬ್ಬಿ (ಅಂದು ಅರ್ಜಿದಾರನ ಬಳಿಯೇ ಉಳಿದದ್ದು).
2. ಜಯಮಾಲಾ ಅವರ ಒಪ್ಪಿಗೆ (ಲಗತ್ತಿಸಿಲ್ಲ, ಬಸವನ ಬಾಗೇವಾಡಿಯ ಬ್ಯಾಂಕಿನಿಂದ ಅವರು ಸಂಜೆ ಮನೆಗೆ ಬಂದ ಮೇಲೆ ಕೇಳಿದರೆ ಹೇಳುತ್ತಾರೆ).

ವಿ.ಸೂ.: ಅರ್ಜಿದಾರನ ಪರವಾಗಿರುವ ಏಕೈಕ ಸಾಕ್ಷ್ಯವನ್ನು ತಾವು ದಿನಾ ಸಂಜೆ ಕುಡಿಯುತ್ತಿದ್ದೀರಿ. ದಯಮಾಡಿ ಅದು ತೀರುವುದರೊಳಗೆ ಆದೇಶ ಹೊರಡಿಸಬೇಕು.